ಗರ್ಭಸ್ಥ ಶಿಶುವಿನ ಪ್ರಾಣಕ್ಕೆ ಉತ್ತರ ಹೇಳುವವರು ಯಾರು? ಬಳ್ಳಾರಿ ಸೀಮೆಯ ನ್ಯಾಯ ಚರಿತ್ರೆಯ ಒಂದು ಅಧ್ಯಾಯ

ಭೂಮಿಗೆ ಬಿದ್ದ ಮಗುವನ್ನು ಕೊಂದರೆ ಅದು ಕೊಲೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಇನ್ನೂ ತಾಯಿಯ ಒಡಲಲ್ಲಿರುವ, ಹೆಸರಿಲ್ಲದ, ಒಮ್ಮೆಯೂ ಅಳದ, ಯಾರೂ ಮುಖ ಕಾಣದ ಜೀವವು ಇನ್ನೊಬ್ಬರ ಹೊಡೆತಕ್ಕೆ ಬಲಿಯಾದರೆ ಅದನ್ನು ಏನೆಂದು ಕರೆಯಬೇಕು? ಅದು ತಾಯಿಗಾದ ಗಾಯವೇ, ಒಂದು ಪ್ರಾಣಹಾನಿಯೇ, ಅಥವಾ ಇವೆರಡೂ ಅಲ್ಲದ ಬೇರೊಂದು ಅಪರಾಧವೇ? ಮನುಷ್ಯ ಸಮಾಜವು ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ನೀಡಿದೆ. ನಮ್ಮದೇ ನೆಲದಲ್ಲಿ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳ ಸೀಮೆಯಲ್ಲಿ, ಕಳೆದ ಎರಡು ಶತಮಾನಗಳಲ್ಲಿ ಎರಡು ದೊಡ್ಡ ಕಾನೂನು ಪರಂಪರೆಗಳು ಒಂದರ ನಂತರ ಒಂದರಂತೆ ಈ ಪ್ರಶ್ನೆಯನ್ನು ಎದುರಿಸಿವೆ. ಅವುಗಳಲ್ಲಿ ಮೊದಲನೆಯದು ಇಸ್ಲಾಮೀ ದಂಡಶಾಸ್ತ್ರವಾಗಿತ್ತು ಎಂಬ ಸಂಗತಿ ಇಂದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಈ ಸೀಮೆಯ ರಾಜಕೀಯ ಚರಿತ್ರೆಯನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳೋಣ. 1792 ಮತ್ತು 1799ರ ಮೈಸೂರು ಯುದ್ಧಗಳ ಬಳಿಕ ಟಿಪ್ಪು ಸುಲ್ತಾನರ ರಾಜ್ಯದ ಹಲವು ಭಾಗಗಳು ಹೈದರಾಬಾದಿನ ನಿಜಾಮರ ಪಾಲಿಗೆ ಹೋದವು. ಕಂಪೆನಿಯ ಸೈನ್ಯದ ವೆಚ್ಚಕ್ಕೆ ಬದಲಾಗಿ ನಿಜಾಮರು 1800ರ ಅಕ್ಟೋಬರ್‌ನ ಒಪ್ಪಂದದ ಮೂಲಕ ಆ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟರು. ಹೀಗೆ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ‘ದತ್ತ ಜಿಲ್ಲೆಗಳು’ ಎಂಬ ಹೆಸರು ಬಂತು. ಥಾಮಸ್ ಮನ್ರೋ ಅವುಗಳ ಮೊದಲ ಪ್ರಧಾನ ಕಲೆಕ್ಟರ್ ಆದನು. ಅಲ್ಲಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ನಮ್ಮ ಈ ತಾಲ್ಲೂಕುಗಳ ಜನರು ಮದ್ರಾಸಿನ ಆಡಳಿತದಲ್ಲಿದ್ದರು. ಅವರ ನ್ಯಾಯ ತೀರ್ಮಾನದ ಅಂತಿಮ ಬಾಗಿಲೂ ಮದ್ರಾಸಿನಲ್ಲೇ ಇತ್ತು.

ಕಂಪೆನಿಯು ದೇಶವನ್ನು ವಶಪಡಿಸಿಕೊಂಡ ಕೂಡಲೇ ತನ್ನ ದೇಶದ ದಂಡಸಂಹಿತೆಯನ್ನು ಇಲ್ಲಿಗೆ ತರಲಿಲ್ಲ. ಮೊಘಲರ ಕಾಲದಿಂದ ನಡೆದು ಬಂದಿದ್ದ ಇಸ್ಲಾಮೀ ದಂಡಶಾಸ್ತ್ರವನ್ನೇ ತನ್ನ ಕ್ರಿಮಿನಲ್ ನ್ಯಾಯಾಲಯಗಳ ಆಧಾರವಾಗಿ ಉಳಿಸಿಕೊಂಡು, ತನಗೆ ಬೇಕಾದ ತಿದ್ದುಪಡಿಗಳನ್ನು ನಿಯಮಾವಳಿಗಳ ಮೂಲಕ ಸೇರಿಸುತ್ತ ಹೋಯಿತು. ಬಂಗಾಳದಲ್ಲಿ ಮೊದಲು ನಡೆದ ಈ ಪ್ರಯೋಗವನ್ನು ಅನುಸರಿಸಿ ಮದ್ರಾಸಿನಲ್ಲಿ 1802ರ ನಿಯಮಾವಳಿಗಳು ಜಾರಿಗೆ ಬಂದವು. ಮದ್ರಾಸಿನಲ್ಲಿ ಫೌಜದಾರಿ ಅದಾಲತ್ ಎಂಬ ಉಚ್ಚ ನ್ಯಾಯಾಲಯ ಸ್ಥಾಪನೆಯಾಯಿತು. ನ್ಯಾಯಾಲಯಗಳಲ್ಲಿ ಯೂರೋಪಿಯನ್ ನ್ಯಾಯಾಧೀಶನ ಜೊತೆ ಖಾಝಿ ಅಥವಾ ಮುಫ್ತಿ ಕುಳಿತು, ವಿಚಾರಣೆಯನ್ನು ಕೇಳಿ, ಆರೋಪ ಸಾಬೀತಾಗಿದೆಯೇ, ಶರೀಅತ್‌ನ ಪ್ರಕಾರ ಅದಕ್ಕೆ ಏನು ಶಿಕ್ಷೆ ಎಂಬುದರ ಬಗ್ಗೆ ಫತ್ವಾ ಬರೆದುಕೊಡುತ್ತಿದ್ದರು. ಆರೋಪಿ ಮುಸ್ಲಿಮನಾಗಿರಲಿ, ಹಿಂದೂವಾಗಿರಲಿ, ಕ್ರಿಮಿನಲ್ ಮೊಕದ್ದಮೆಯಲ್ಲಿ ಅದೇ ಕಾನೂನು ಅನ್ವಯವಾಗುತ್ತಿತ್ತು. ನ್ಯಾಯಾಧೀಶರಿಗೆ ಮಾರ್ಗದರ್ಶಿಯಾಗಲೆಂದು ಇಮಾಮ್ ಮರ್ಗೀನಾನಿಯವರ ‘ಹಿದಾಯ’ ಎಂಬ ಹನಫೀ ಗ್ರಂಥವನ್ನು ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಅಧಿಕಾರಿ ಇಂಗ್ಲಿಷಿಗೆ ಅನುವಾದಿಸಿದ್ದನು. ಅದು 1791ರಲ್ಲಿ ಪ್ರಕಟವಾಗಿತ್ತು.

ಆ ಪರಂಪರೆಯಲ್ಲಿ ಗರ್ಭಸ್ಥ ಶಿಶುವಿನ ಸ್ಥಾನವೇನು? ಇದಕ್ಕೆ ಉತ್ತರ ಪಡೆಯಲು ನಾವು ಮದೀನಕ್ಕೆ ಹೋಗಬೇಕು.

ಹುಝೈಲ್ ಗೋತ್ರದ ಇಬ್ಬರು ಸ್ತ್ರೀಯರ ನಡುವೆ ಜಗಳವಾಯಿತು. ಒಬ್ಬಾಕೆ ಕಲ್ಲೆಸೆದಳು. ಗರ್ಭಿಣಿಯಾಗಿದ್ದ ಇನ್ನೊಬ್ಬಾಕೆಯೂ ಅವಳ ಒಡಲಲ್ಲಿದ್ದ ಮಗುವೂ ಸಾವಿಗೀಡಾದರು. ಪ್ರಕರಣವು ಪ್ರವಾದಿ ಮುಹಮ್ಮದ್(ಸ)ರ ಮುಂದೆ ಬಂದಾಗ ಅವರು ತಾಯಿಯ ಪ್ರಾಣಕ್ಕೆ ಪೂರ್ಣ ರಕ್ತಪರಿಹಾರವನ್ನು, ಅಂದರೆ ದಿಯತನ್ನು, ವಿಧಿಸಿದರು. ಅಷ್ಟಕ್ಕೇ ನಿಲ್ಲದೆ, ಮಗುವಿಗಾಗಿ ಪ್ರತ್ಯೇಕವಾಗಿ ‘ಗುರ್ರ’ ಎಂಬ ಪರಿಹಾರವನ್ನೂ ವಿಧಿಸಿದರು. ಆಗ ಹಂತಕಿಯ ಕಡೆಯವನೊಬ್ಬನು ಪ್ರಾಸಬದ್ಧ ಮಾತುಗಳಲ್ಲಿ ಆಕ್ಷೇಪವೆತ್ತಿದನು. ತಿನ್ನದ, ಕುಡಿಯದ, ಮಾತನಾಡದ, ಒಮ್ಮೆ ಕೂಗಿಯೂ ಇಲ್ಲದ ಜೀವಕ್ಕೆ ಪರಿಹಾರ ಕೊಡುವುದೆಂದರೇನು, ಅಂಥದ್ದು ಲೆಕ್ಕಕ್ಕೆ ಬರುವುದೇ ಎಂಬುದು ಅವನ ವಾದದ ಸಾರ. ಪ್ರವಾದಿ(ಸ)ರು ಅವನ ಪ್ರಾಸವನ್ನು ಕಣಿ ಹೇಳುವವರ ಮಾತಿಗೆ ಹೋಲಿಸಿ ಆ ವಾದವನ್ನು ತಳ್ಳಿಹಾಕಿದರು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ಹಝ್ರತ್ ಅಬೂ ಹುರೈರ(ರ)ರ ಮೂಲಕ ಈ ಘಟನೆ ವರದಿಯಾಗಿದೆ.

ಈ ತೀರ್ಪಿನ ಮಹತ್ವವನ್ನು ತಿಳಿಯಲು ಆ ಕಾಲದ ಅರೇಬಿಯಾವನ್ನು ಸ್ಮರಿಸಬೇಕು. ಅದು ಹುಟ್ಟಿದ ಹೆಣ್ಣುಮಗುವನ್ನೇ ಜೀವಂತ ಹೂಳುತ್ತಿದ್ದ ಸಮಾಜವಾಗಿತ್ತು. ಹಾಗೆ ಹೂಳಲ್ಪಟ್ಟ ಮಗುವಿನೊಡನೆ ಅಂತ್ಯದಿನದಲ್ಲಿ ಅದು ಯಾವ ಪಾಪಕ್ಕಾಗಿ ಕೊಲ್ಲಲ್ಪಟ್ಟಿತೆಂದು ವಿಚಾರಿಸಲಾಗುವುದು ಎಂಬ ಎಚ್ಚರಿಕೆಯನ್ನು ಪವಿತ್ರ ಕುರ್‌ಆನ್ ನೀಡಿತು. ಬಡತನದ ಭೀತಿಯಿಂದ ಮಕ್ಕಳನ್ನು ಕೊಲ್ಲಬಾರದೆಂದು ಆದೇಶಿಸಿತು. ಅಂತಹ ಸಮಾಜದಲ್ಲಿ, ಇನ್ನೂ ಹುಟ್ಟದ ಮಗುವಿನ ಪ್ರಾಣಕ್ಕೂ ಬೆಲೆಯಿದೆ, ಆ ಬೆಲೆಯನ್ನು ತಾಯಿಯ ಬೆಲೆಯೊಳಗೆ ಸೇರಿಸಿ ಮರೆಸುವಂತಿಲ್ಲ ಎಂದು ನ್ಯಾಯಪೀಠದಿಂದ ಘೋಷಿಸಿದ್ದು ಸಣ್ಣ ಸಂಗತಿಯಲ್ಲ.

ಮುಂದೆ ಹಝ್ರತ್ ಉಮರ್(ರ)ರ ಖಿಲಾಫತ್ತಿನಲ್ಲಿ ಇಂಥದ್ದೇ ಪ್ರಶ್ನೆ ಎದ್ದಿತು. ಅವರು ಸಹಾಬಿಗಳೊಡನೆ ಸಮಾಲೋಚಿಸಿದಾಗ ಹಝ್ರತ್ ಮುಗೀರ ಇಬ್ನ್ ಶುಅ್‌ಬ(ರ)ರು ಗುರ್ರದ ತೀರ್ಪನ್ನು ನೆನಪಿಸಿದರು. ಉಮರ್(ರ)ರು ಅದಕ್ಕೆ ಇನ್ನೊಬ್ಬ ಸಾಕ್ಷಿಯನ್ನು ಕೇಳಿದರು. ಹಝ್ರತ್ ಮುಹಮ್ಮದ್ ಇಬ್ನ್ ಮಸ್ಲಮ(ರ)ರು ಸಾಕ್ಷಿ ನುಡಿದ ಮೇಲೆಯೇ ಅದು ಅಂಗೀಕಾರವಾಯಿತು. ಫಿಕ್ಹ್ ಗ್ರಂಥಗಳು ಇನ್ನೊಂದು ಘಟನೆಯನ್ನೂ ಉಲ್ಲೇಖಿಸುತ್ತವೆ. ಉಮರ್(ರ)ರು ವಿಚಾರಣೆಗೆಂದು ಒಬ್ಬ ಸ್ತ್ರೀಗೆ ಕರೆ ಕಳುಹಿಸಿದರು. ಖಲೀಫರ ಕರೆಯ ಭಯದಿಂದ ಆಕೆಗೆ ದಾರಿಯಲ್ಲೇ ಪ್ರಸವವಾಗಿ ಮಗು ತೀರಿಕೊಂಡಿತು. ನೀವು ನಿಮ್ಮ ಕರ್ತವ್ಯ ಮಾಡಿದ್ದೀರಿ, ನಿಮ್ಮ ಮೇಲೆ ಹೊಣೆಯಿಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಆದರೆ ಹಝ್ರತ್ ಅಲೀ(ರ)ರು, ಆಕೆಯನ್ನು ಬೆದರಿಸಿದ್ದು ನೀವೇ ಆದ್ದರಿಂದ ಪರಿಹಾರ ನಿಮ್ಮ ಮೇಲಿದೆ ಎಂದು ಅಭಿಪ್ರಾಯಪಟ್ಟರು. ಉಮರ್(ರ)ರು ಅದನ್ನು ಒಪ್ಪಿಕೊಂಡರು. ಅಧಿಕಾರದಲ್ಲಿರುವವನೂ ಗರ್ಭಸ್ಥ ಜೀವಕ್ಕೆ ಉತ್ತರದಾಯಿ ಎಂಬ ಪಾಠ ಇದರಲ್ಲಿದೆ.

ಈ ಆಧಾರಗಳ ಮೇಲೆ ಫಿಕ್ಹ್ ವಿದ್ವಾಂಸರು ವಿವರವಾದ ನಿಯಮಗಳನ್ನು ಕಟ್ಟಿದರು. ಪೂರ್ಣ ದಿಯತ್ ನೂರು ಒಂಟೆಗಳಾದರೆ ಗುರ್ರದ ಮೌಲ್ಯ ಐದು ಒಂಟೆಗಳು, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಹನಫೀ ಲೆಕ್ಕದಲ್ಲಿ ಅದು 500 ದಿರ್‌ಹಮ್. ಮಗು ಹೊಡೆತದ ನಂತರ ಜೀವಂತವಾಗಿ ಹೊರಬಂದು ಅದೇ ಕಾರಣದಿಂದ ತೀರಿಕೊಂಡರೆ ಪರಿಹಾರವು ಗುರ್ರವಲ್ಲ, ಪೂರ್ಣ ದಿಯತ್. ಪೂರ್ತಿಯಾಗಿ ಬೆಳೆಯದಿದ್ದರೂ ಬೆರಳು, ಉಗುರು, ಕೂದಲಿನಂತಹ ಮಾನವ ರೂಪದ ಯಾವುದಾದರೂ ಗುರುತು ಮೂಡಿದ್ದರೆ ಹನಫೀ ನಿಯಮದಂತೆ ಗುರ್ರ ಅನ್ವಯವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಗುರ್ರವು ಸರಕಾರದ ಖಜಾನೆಗೆ ಸಲ್ಲುವ ದಂಡವಲ್ಲ. ಅದು ಆ ಮಗುವಿನದೇ ಆಸ್ತಿಯೆಂದು ಪರಿಗಣಿತವಾಗಿ ಅದರ ವಾರಸುದಾರರಿಗೆ ಹಂಚಿಕೆಯಾಗುತ್ತದೆ. ಸಾವಿಗೆ ಕಾರಣನಾದವನು ಸ್ವತಃ ತಂದೆಯೇ ಆಗಿದ್ದರೂ ಅವನಿಗೆ ಅದರಲ್ಲಿ ಪಾಲಿಲ್ಲ.

ಹೀಗೆ ಶರೀಅತ್ ಗರ್ಭಸ್ಥ ಶಿಶುವಿಗೆ ಮಧ್ಯದ ಒಂದು ಸ್ಥಾನವನ್ನು ನೀಡಿತು. ಅದರ ಪ್ರಾಣಹಾನಿ ಪೂರ್ಣ ಕೊಲೆಯಲ್ಲ, ಆದ್ದರಿಂದ ಕಿಸಾಸ್ ಇಲ್ಲ. ಆದರೆ ಅದು ಶೂನ್ಯವೂ ಅಲ್ಲ. ಅದಕ್ಕೆ ಪಡೆಯುವ ಹಕ್ಕು ಇದೆ. ತಂದೆ ತೀರಿಕೊಂಡಾಗ ಗರ್ಭದಲ್ಲಿರುವ ಮಗುವಿನ ಪಾಲನ್ನು ವಾರಸು ಹಂಚಿಕೆಯಲ್ಲಿ ಮೀಸಲಿಡಬೇಕು ಎಂಬ ನಿಯಮವೂ ಇದೇ ತತ್ತ್ವದ ಇನ್ನೊಂದು ಮುಖ. ತಪ್ಪೊಪ್ಪಿಕೊಂಡು ಶಿಕ್ಷೆ ಕೇಳಿಬಂದ ಗಾಮಿದಿಯ್ಯ ಸ್ತ್ರೀಯು ಗರ್ಭಿಣಿಯೆಂದು ತಿಳಿದಾಗ ಪ್ರವಾದಿ(ಸ)ರು ಹೆರಿಗೆಯಾಗುವವರೆಗೂ, ಮಗು ಹಾಲು ಬಿಡುವವರೆಗೂ ಶಿಕ್ಷೆಯನ್ನು ಮುಂದೂಡಿದರು. ತಾಯಿಯ ಅಪರಾಧಕ್ಕೆ ಮಗು ಬೆಲೆ ತೆರಬಾರದು ಎಂಬುದೇ ಅದರ ಆಶಯ.

ಈಗ ಮರಳಿ ಬಳ್ಳಾರಿ ಸೀಮೆಗೆ ಬರೋಣ. ಕಂಪೆನಿಯು ಇಸ್ಲಾಮೀ ದಂಡಶಾಸ್ತ್ರದ ಹೆಸರನ್ನು ಉಳಿಸಿಕೊಂಡಿತಾದರೂ ಅದರ ಒಂದು ಜೀವಾಳವನ್ನು ಕಿತ್ತುಹಾಕಿತು. 1790ರಿಂದಲೇ ಕಾರ್ನ್‌ವಾಲಿಸನ ಸುಧಾರಣೆಗಳು ಕೊಲೆಗಾರನನ್ನು ಕ್ಷಮಿಸುವ ವಾರಸುದಾರರ ಹಕ್ಕನ್ನು ತೆಗೆದುಹಾಕಿದವು. 1797ರ ಬಂಗಾಳ ನಿಯಮವು ರಕ್ತಪರಿಹಾರದ ಬದಲು ಸೆರೆವಾಸವನ್ನು ತಂದಿತು. ಆ ಮಾದರಿಯಲ್ಲಿ ರೂಪುಗೊಂಡ ಮದ್ರಾಸಿನ ವ್ಯವಸ್ಥೆಯಲ್ಲೂ ಅಪರಾಧವೆಂದರೆ ಸರಕಾರಕ್ಕೂ ಆರೋಪಿಗೂ ನಡುವಿನ ವ್ಯವಹಾರ ಎಂಬ ದೃಷ್ಟಿ ಬಲವಾಗುತ್ತ ಹೋಯಿತು. ಖಾಝಿಯ ಫತ್ವಾ ಕಡತದಲ್ಲಿ ಉಳಿಯಿತು. ಮಗುವನ್ನು ಕಳೆದುಕೊಂಡ ತಾಯಿಯ ಕೈಗೆ ಸೇರಬೇಕಾಗಿದ್ದ ಪರಿಹಾರ ಮಾತ್ರ ಕಣ್ಮರೆಯಾಯಿತು. ಶಿಕ್ಷೆ ವಿಧಿಸುವ ಕೈ ಬಲಿಷ್ಠವಾಯಿತು, ಸಂತ್ರಸ್ತರ ಕಡೆಗೆ ಚಾಚುವ ಕೈ ಹಿಂದೆ ಸರಿಯಿತು.

1837ರಲ್ಲಿ ಮೆಕಾಲೆಯ ನೇತೃತ್ವದ ಆಯೋಗವು ಹೊಸ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಗರ್ಭಪಾತದ ಕಲಮುಗಳ ಬಗ್ಗೆ ಬರೆಯುವಾಗ ಆಯೋಗದ ಸದಸ್ಯರಿಗೇ ಒಂದು ಅಳುಕಿತ್ತು. ಕುಟುಂಬದ ಮಾನವನ್ನೇ ಅಡವಾಗಿಟ್ಟುಕೊಂಡು ಹಣ ಸುಲಿಯಲು ದುಷ್ಟರು ಈ ಕಾನೂನನ್ನು ಬಳಸಿಕೊಳ್ಳಬಹುದೆಂದು ಅವರು ತಮ್ಮ ಟಿಪ್ಪಣಿಯಲ್ಲಿ ಆತಂಕ ವ್ಯಕ್ತಪಡಿಸಿದ್ದರು. ಕರಡು 1860ರಲ್ಲಿ ಕಾಯಿದೆಯಾಯಿತು. 1862ರ ಜನವರಿ 1ರಂದು ಭಾರತೀಯ ದಂಡಸಂಹಿತೆ ಜಾರಿಗೆ ಬಂತು. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಸ್ಥಾಪನೆಯಾಗಿ ಹಳೆಯ ಅದಾಲತ್‌ಗಳ ಕಾಲ ಮುಗಿಯಿತು. 1864ರ 11ನೇ ಕಾಯಿದೆಯು ನ್ಯಾಯಾಲಯಗಳಲ್ಲಿ ಖಾಝಿ ಮತ್ತು ಪಂಡಿತರ ಹುದ್ದೆಗಳನ್ನೂ ರದ್ದುಗೊಳಿಸಿತು. ಹರಪನಹಳ್ಳಿಯ ರೈತನಿಗೂ ಕೊಟ್ಟೂರಿನ ವ್ಯಾಪಾರಿಗೂ ಇನ್ನು ಮುಂದೆ ಒಂದೇ ಲಿಖಿತ ಸಂಹಿತೆ.

ಆ ಸಂಹಿತೆಯು ನಮ್ಮ ಪ್ರಶ್ನೆಗೆ ಏನು ಉತ್ತರ ನೀಡಿತು? ತಾಯಿಯ ಗರ್ಭದಲ್ಲಿರುವ ಮಗುವಿನ ಮರಣವನ್ನು ಉಂಟುಮಾಡುವುದು ನರಹತ್ಯೆಯಲ್ಲ ಎಂದು 299ನೇ ಕಲಮಿನ ಮೂರನೇ ವಿವರಣೆ ಸ್ಪಷ್ಟಪಡಿಸಿತು. ಆದರೆ ಮಗುವಿನ ದೇಹದ ಯಾವುದೇ ಭಾಗ ಹೊರಬಂದಿದ್ದರೆ, ಅದು ಇನ್ನೂ ಉಸಿರಾಡದಿದ್ದರೂ, ಅದರ ಹತ್ಯೆ ನರಹತ್ಯೆಯಾಗಬಹುದು. ಗರ್ಭದೊಳಗಿನ ಜೀವಕ್ಕಾಗಿ 312ರಿಂದ 316ರವರೆಗಿನ ಪ್ರತ್ಯೇಕ ಕಲಮುಗಳಿದ್ದವು. ತಾಯಿಯ ಪ್ರಾಣ ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸಿದರೆ ಮೂರು ವರ್ಷದವರೆಗೆ, ಗರ್ಭದಲ್ಲಿ ಮಗುವಿನ ಚಲನೆ ಮೂಡಿದ ಹಂತದಲ್ಲಾದರೆ ಏಳು ವರ್ಷದವರೆಗೆ ಸೆರೆವಾಸ. ಸ್ತ್ರೀಯ ಒಪ್ಪಿಗೆಯಿಲ್ಲದೆ ಮಾಡಿಸಿದರೆ ಜೀವಾವಧಿ ಅಥವಾ ಹತ್ತು ವರ್ಷದವರೆಗಿನ ಶಿಕ್ಷೆ. ಗರ್ಭಿಣಿಯ ಪ್ರಾಣಕ್ಕೇ ಕುತ್ತು ತರುವಂಥ ಹಲ್ಲೆ ನಡೆಸಿ, ಆಕೆ ಬದುಕುಳಿದು ಚಲನೆಯುಳ್ಳ ಮಗು ಒಡಲಲ್ಲೇ ಸತ್ತರೆ 316ನೇ ಕಲಮಿನಡಿ ಹತ್ತು ವರ್ಷದವರೆಗೆ ಸೆರೆವಾಸ. ಹುಝೈಲ್ ಸ್ತ್ರೀಯರ ಪ್ರಕರಣಕ್ಕೆ ತೀರ ಹತ್ತಿರದ ಕಲಮು ಇದೇ.

ಎರಡೂ ಪರಂಪರೆಗಳನ್ನು ಎದುರುಬದುರು ಇಟ್ಟು ನೋಡಿದರೆ ಕೆಲವು ಸಾಮ್ಯಗಳು ಗೋಚರಿಸುತ್ತವೆ. ಎರಡೂ ಗರ್ಭಸ್ಥ ಶಿಶುವನ್ನು ಹುಟ್ಟಿದ ಮನುಷ್ಯನಿಗೆ ಪೂರ್ಣ ಸಮಾನವೆಂದು ಗಣಿಸಲಿಲ್ಲ, ಆದರೆ ರಕ್ಷಣೆಯಿಲ್ಲದೆಯೂ ಬಿಡಲಿಲ್ಲ. ಜೀವಂತ ಜನನವನ್ನು ಎರಡೂ ಒಂದು ಗಡಿಯಾಗಿ ಗುರುತಿಸಿದವು. ಗರ್ಭದೊಳಗೂ ಎರಡೂ ಒಂದೊಂದು ಹಂತವನ್ನು ಕಂಡವು. 120 ದಿನಗಳ ಬಳಿಕ ಆತ್ಮ ಊದಲಾಗುವುದೆಂದು ಹದೀಸ್‌ನ ಆಧಾರದಲ್ಲಿ ನಮ್ಮ ವಿದ್ವಾಂಸರು ಹೇಳುತ್ತಾರೆ. ಸಂಹಿತೆಯು ಮಗುವಿನ ಚಲನೆಯನ್ನು ಗಡಿಯಾಗಿಸಿತು. ಇವೆರಡೂ ಒಂದೇ ಅಲ್ಲ, ಒಂದರ ಆಧಾರ ದಿವ್ಯವಾಣಿ, ಇನ್ನೊಂದರ ಆಧಾರ ಇಂಗ್ಲೆಂಡಿನ ಹಳೆಯ ನ್ಯಾಯ ಸಂಪ್ರದಾಯ. ಆದರೆ ಅವುಗಳ ನಡುವಿನ ಮೂಲ ವ್ಯತ್ಯಾಸ ಬೇರೆಡೆ ಇದೆ. ಸಂಹಿತೆಯು ಅಪರಾಧಿಗೆ ಏನು ಮಾಡಬೇಕೆಂದು ಹೇಳಿತು. ಮಗುವನ್ನು ಕಳೆದುಕೊಂಡವರಿಗೆ ಏನು ಸಲ್ಲಬೇಕೆಂಬ ಬಗ್ಗೆ ಆ ಕಲಮುಗಳು ಮೌನ ವಹಿಸಿದವು. ಮೇಲಾಗಿ, ತಾನಾಗಿಯೇ ಗರ್ಭಪಾತ ಮಾಡಿಕೊಂಡ ಸ್ತ್ರೀಯನ್ನೂ 312ನೇ ಕಲಮು ಅಪರಾಧಿಯಾಗಿ ಕಂಡಿತು.

ಸ್ವತಂತ್ರ ಭಾರತದಲ್ಲಿ ಈ ಕಾನೂನು ಹಂತಹಂತವಾಗಿ ಬದಲಾಯಿತು. ಗುಟ್ಟಾಗಿ ನಡೆಯುವ ಅಸುರಕ್ಷಿತ ಗರ್ಭಪಾತಗಳಿಂದ ತಾಯಂದಿರ ಸಾವು ಸಂಭವಿಸುತ್ತಿದ್ದುದನ್ನು ಪರಿಗಣಿಸಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಬಂತು. 2021ರ ತಿದ್ದುಪಡಿಯ ಪ್ರಕಾರ ಅದರ ಷರತ್ತುಗಳಿಗೊಳಪಟ್ಟು 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದರ ನಂತರ ಭ್ರೂಣದ ಗಂಭೀರ ದೋಷಗಳಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. 2023ರ ಅಕ್ಟೋಬರ್‌ನಲ್ಲಿ 26 ವಾರ ದಾಟಿದ ಆರೋಗ್ಯವಂತ ಭ್ರೂಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತಕ್ಕೆ ಅನುಮತಿ ನಿರಾಕರಿಸಿತು. ಇಸ್ಲಾಮೀ ವಿದ್ವಾಂಸರಲ್ಲಿ 120 ದಿನಗಳಿಗೆ ಮುಂಚಿನ ಗರ್ಭಪಾತದ ಬಗ್ಗೆ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯಗಳಿವೆ. ಆ ಬಳಿಕ ತಾಯಿಯ ಪ್ರಾಣ ರಕ್ಷಣೆಯಂತಹ ಅನಿವಾರ್ಯತೆಯ ಹೊರತು ಅದು ನಿಷಿದ್ಧ ಎಂಬುದರಲ್ಲಿ ಅವರು ಒಮ್ಮತ ಹೊಂದಿದ್ದಾರೆ. ಕಾನೂನು ಅನುಮತಿಸಿದ್ದೆಲ್ಲವೂ ಧರ್ಮಸಮ್ಮತವೆಂದು ಮುಸ್ಲಿಮನು ಭಾವಿಸುವುದಿಲ್ಲ. ಹಾಗೆಯೇ ಕಷ್ಟದಲ್ಲಿರುವ ತಾಯಿಯ ಮೇಲೆ ತೀರ್ಪು ಹೊರಿಸುವ ಅವಸರವೂ ಅವನಿಗೆ ಸಲ್ಲದು.

ಮರಣದಂಡನೆಗೆ ಗುರಿಯಾದ ಗರ್ಭಿಣಿಯ ವಿಷಯದಲ್ಲೂ ಕಾನೂನು ಮುಂದೆ ಸಾಗಿದೆ. 1898ರ ಸಂಹಿತೆಯಲ್ಲಿ ಹೈಕೋರ್ಟ್ ಆಕೆಯ ಶಿಕ್ಷೆಯನ್ನು ಮುಂದೂಡಬೇಕೆಂದೂ, ಬಯಸಿದರೆ ಜೀವಾವಧಿಗೆ ಇಳಿಸಬಹುದೆಂದೂ ಇತ್ತು. 2009ರಿಂದ ಇಳಿಸುವುದೇ ಕಡ್ಡಾಯವಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 456ನೇ ಕಲಮಿನಲ್ಲಿ ಅದೇ ನಿಯಮ ಮುಂದುವರಿದಿದೆ. ಅಂದೇ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 312ರಿಂದ 316ರವರೆಗಿನ ಕಲಮುಗಳು 88ರಿಂದ 92ರವರೆಗಿನ ಕಲಮುಗಳಾಗಿವೆ. ಸಂಖ್ಯೆ ಬದಲಾಗಿದೆ, 1860ರ ತಿರುಳು ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಕಾನೂನು ಇದ್ದ ಮಾತ್ರಕ್ಕೆ ಜೀವಗಳು ಉಳಿಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಆದರೂ 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣಗಳನ್ನು ಗುರುತಿಸುತ್ತಿತ್ತೆಂಬ ಸುದ್ದಿ ನಾಡನ್ನೇ ಬೆಚ್ಚಿಬೀಳಿಸಿತು. ಸರಕಾರವು ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಸಿಹಿಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಗುವಿನ ವಿಧಿ ನಿರ್ಣಯವಾಗುತ್ತಿತ್ತು. ಅರೇಬಿಯಾದ ಮರಳಿನಲ್ಲಿ ಹೂಳುತ್ತಿದ್ದವರಿಗೂ ಇವರಿಗೂ ಇರುವ ವ್ಯತ್ಯಾಸ ಯಂತ್ರ ಒಂದೇ. ಅವರು ಮುಖ ನೋಡಿ ಹೂಳುತ್ತಿದ್ದರು, ಇವರು ಮುಖ ಮೂಡುವ ಮುನ್ನವೇ ಮುಗಿಸುತ್ತಾರೆ. ಈ ಕಾಯಿದೆಯಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಲಿಂಗ ಪತ್ತೆಗೆ ಒಳಗಾದ ಸ್ತ್ರೀಯನ್ನು ಗಂಡ ಅಥವಾ ಸಂಬಂಧಿಕರು ಬಲವಂತಪಡಿಸಿದ್ದರೆಂದೇ ನ್ಯಾಯಾಲಯವು ಮೊದಲು ಭಾವಿಸಬೇಕು. ನಿಜವಾದ ಒತ್ತಡ ಯಾವ ದಿಕ್ಕಿನಿಂದ ಬರುತ್ತದೆಂಬುದನ್ನು ಶಾಸಕರು ಬಲ್ಲವರಾಗಿದ್ದರು.

ಇನ್ನು ಸಂತ್ರಸ್ತರ ಹಕ್ಕಿನ ವಿಷಯ. 1797ರ ಸುಮಾರಿಗೆ ಕಣ್ಮರೆಯಾದ ಆ ಪರಿಹಾರವು ಬೇರೊಂದು ರೂಪದಲ್ಲಿ ಎರಡು ಶತಮಾನಗಳ ನಂತರ ಮರಳಿದೆ. 2009ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆಗಳನ್ನು ಪ್ರತಿ ರಾಜ್ಯವೂ ರೂಪಿಸಬೇಕೆಂದಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2018ರಲ್ಲಿ ಸಿದ್ಧಪಡಿಸಿದ, ಅಪರಾಧಗಳಿಗೆ ತುತ್ತಾದ ಸ್ತ್ರೀಯರ ಪರಿಹಾರ ಯೋಜನೆಯಲ್ಲಿ ಹಲ್ಲೆಯಿಂದಾದ ಗರ್ಭನಷ್ಟಕ್ಕೆ ಪ್ರತ್ಯೇಕ ಸಾಲೊಂದಿದೆ. ಅದರ ಮೊತ್ತ ಎರಡು ಲಕ್ಷದಿಂದ ಮೂರು ಲಕ್ಷ ರೂಪಾಯಿಗಳು. ಗುರ್ರಕ್ಕೂ ಇದಕ್ಕೂ ವ್ಯತ್ಯಾಸವಿದೆ, ಇಲ್ಲಿ ಹಣ ಕೊಡುವುದು ಹಲ್ಲೆಕೋರನ ಕುಟುಂಬವಲ್ಲ, ಸರಕಾರ. ಆದರೆ ಒಡಲ ಮಗುವನ್ನು ಕಳೆದುಕೊಂಡವಳಿಗೆ ಏನೋ ಸಲ್ಲಬೇಕಾಗಿದೆ ಎಂಬ ಸತ್ಯವನ್ನು ಕಾನೂನು ಕೊನೆಗೂ ಒಪ್ಪಿಕೊಂಡಿದೆ.

ಈ ಸಂಗತಿ ನಮ್ಮ ಮಳೆಯಾಶ್ರಿತ ತಾಲ್ಲೂಕುಗಳ ಎಷ್ಟು ಕುಟುಂಬಗಳಿಗೆ ತಿಳಿದಿದೆ? ಗರ್ಭಿಣಿಯಾದ ಸೊಸೆಯ ಮೇಲೆ ಕೈಮಾಡಿ ಮಗು ಉಳಿಯದಿದ್ದಾಗ, ‘ಅಲ್ಲಾಹನ ಇಚ್ಛೆ’ ಎಂದು ಹೇಳಿ ಮಾತು ಮುಗಿಸುವವರಿದ್ದಾರೆ. ಅಲ್ಲಾಹನ ಇಚ್ಛೆಯ ಹೆಸರಿನಲ್ಲಿ ಮನುಷ್ಯನ ಹೊಡೆತವನ್ನು ಮರೆಮಾಚುವುದು ಶರೀಅತ್ ಅಲ್ಲ. ಪ್ರವಾದಿ(ಸ)ರು ಅಂಥ ಪ್ರಕರಣದಲ್ಲಿ ಹೊಡೆದವಳನ್ನು ಹೊಣೆಯಾಗಿಸಿದರೇ ಹೊರತು ವಿಧಿಯನ್ನಲ್ಲ. ಜಮಾಅತ್‌ನ ಹಿರಿಯರು ರಾಜಿ ಮಾಡಿಸಲು ಕುಳಿತಾಗ ಗಂಡು ಹೆಣ್ಣಿನ ಕಡೆಯ ಮಾನವನ್ನಷ್ಟೇ ತೂಗದೆ, ಮಾತನಾಡಲಾರದೆ ಹೋದ ಆ ಮೂರನೆಯ ಜೀವವನ್ನೂ ತಕ್ಕಡಿಯಲ್ಲಿಡಬೇಕು. ಆಸ್ಪತ್ರೆಗೆ ಹೋದಾಗ ಬಿದ್ದು ಗಾಯವಾಯಿತೆಂದು ಸುಳ್ಳು ಬರೆಸಬಾರದು, ಏಕೆಂದರೆ ವೈದ್ಯರ ದಾಖಲೆಯೇ ಮುಂದೆ ನ್ಯಾಯದ ಅಡಿಪಾಯ. ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಪರಿಹಾರದ ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಜುಮಾ ಖುತ್‌ಬಗಳಲ್ಲಿ ಒಮ್ಮೆಯಾದರೂ ಈ ವಿಷಯ ಪ್ರಸ್ತಾಪವಾದರೆ ಅದೆಷ್ಟೋ ಮನೆಗಳಿಗೆ ಉಪಕಾರವಾದೀತು.

ಹುಝೈಲ್ ಗೋತ್ರದ ಆ ಮನುಷ್ಯನ ಪ್ರಶ್ನೆ ಇಂದಿಗೂ ಸತ್ತಿಲ್ಲ. ಅಳದ ಮಗುವಿಗೇನು ಲೆಕ್ಕ ಎಂಬ ಅವನ ಮಾತು ಸ್ಕ್ಯಾನಿಂಗ್ ಕೋಣೆಯಲ್ಲಿ, ರಾಜಿ ಪಂಚಾಯಿತಿಯಲ್ಲಿ, ಮನೆಯ ಮೌನದಲ್ಲಿ ಬೇರೆ ಬೇರೆ ನುಡಿಗಳಲ್ಲಿ ಮರುಕಳಿಸುತ್ತಲೇ ಇದೆ. ಅದಕ್ಕೆ ಮದೀನದಲ್ಲಿ ದೊರೆತ ಉತ್ತರವೂ ನಮ್ಮ ಬಳಿಯಿದೆ. ಅಳುವ ಮುನ್ನವೇ ಅಡಗಿಸಲ್ಪಟ್ಟ ದನಿಗೂ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಭೂಮಿಯ ನ್ಯಾಯಾಲಯ ತಪ್ಪಿಸಿದರೂ, ಹೂಳಲ್ಪಟ್ಟ ಮಗುವನ್ನು ಎಬ್ಬಿಸಿ ವಿಚಾರಿಸುವ ಒಡೆಯನು ತಪ್ಪಿಸಲಾರನು.